ಹೆಸರಿಲ್ಲದ ಲೇತಿಗೆ ಚಕ್ ಹೊಂದಿಸಿದ್ದು

ಚಕ್ ಅರ್ಧ ಸುತ್ತು ಹೋಯಿತು, ಅಲ್ಲೇ ಕಚ್ಚಿಕೊಂಡಿತು. ಮರ ಕಡೆಯುವ ಲೇತಿನಲ್ಲಿ ತುಂಡನ್ನು ದವಡೆಯಲ್ಲಿ ಕಚ್ಚಿ ಹಿಡಿಯುವುದೇ ಚಕ್. ಎಂಟು ದಿನ ಕಾದು ತರಿಸಿದ್ದು ಅದು. ಪೆಟ್ಟಿಗೆ ಮೇಲೆ 1 ಇಂಚು ಅಂತ ಬರೆದಿತ್ತು. ನನ್ನ ಲೇತಿನ ಸ್ಪಿಂಡಲ್, ಅಂದರೆ ಚಕ್ ಹತ್ತುವ ಸ್ಕ್ರೂ ಗೆರೆಯ (ಥ್ರೆಡ್ಡಿನ) ತಿರುಗುವ ಕಂಬಿ, ಅದೂ 1 ಇಂಚೇ. ವರ್ನಿಯರ್ ಹಿಡಿದು ಮೂರು ಸಲ ನೋಡಿದ್ದೆ. ಅಂಗಡಿ ಹುಡುಗ ಪೈಪ್ ರೆಂಚ್ ತಂದು ಕೈಗೆ ಕೊಡಲು ಬಂದ. ಬೇಡ ಅಂದೆ. ಬೆರಳಲ್ಲಿ ಹೋಗದ ನಟ್ಟು ಆ ಬೋಲ್ಟಿನದಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಬಿಡಿಸಿಕೊಂಡೆ. ಸ್ಪಿಂಡಲ್ಲಿನ ಮೊದಲ ಸುತ್ತಿನ ಮೇಲೆ ಸಣ್ಣದೊಂದು ಹೊಳೆಯುವ ಗೆರೆ ಬಿದ್ದಿತ್ತು, ಪುಣ್ಯಕ್ಕೆ ಅಷ್ಟೇ.

ಲೇತ್ ಸಿಕ್ಕಿದ್ದು ದಾವಣಗೆರೆಯ ಒಂದು ಗುಜರಿಯಲ್ಲಿ. ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಮಷಿನ್ನು, ಪುಲ್ಲಿ, ಶಾಫ್ಟು ಇವತ್ತಿಗೂ ಅಲ್ಲೊಂದು ಇಲ್ಲೊಂದು ಗುಜರಿಯಲ್ಲಿ ಕಾಣುತ್ತವೆ. ಈ ಲೇತೂ ಗಿರಣಿಯ ಬಡಗಿ ಶೆಡ್ಡಿನಿಂದ ಬಂದದ್ದು ಅಂದರು ಅಂಗಡಿಯವರು. ಇರಬಹುದು ಅನ್ನಿಸಿತು. ಅದರ ಜೊತೆ ಮರದಲ್ಲಿ ಕಡೆದ ಎರಡು ಪುಲ್ಲಿ ಅಚ್ಚುಗಳೂ ಬಿದ್ದಿದ್ದವು.

ಲೇತಿನ ಉದ್ದದ ತಳ, ಅಂದರೆ ಬೆಡ್ಡು, ಬೀಡಿನದು, ಎರಡು ಪಟ್ಟಿಯದು. ಮರವನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆಗಳ, ಅಂದರೆ ಸೆಂಟರ್‌ಗಳ ನಡುವೆ 36 ಇಂಚು ಜಾಗ. ಬೆಡ್ಡಿನಿಂದ ಸೆಂಟರಿನ ಎತ್ತರ 5 ಇಂಚು, ಅಂದರೆ 10 ಇಂಚಿಗೆ ಸ್ವಲ್ಪ ಕಡಿಮೆ ಅಗಲದ ಬಟ್ಟಲಿಗೂ ಒದಗುತ್ತದೆ. ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕಿನ ಮುಂದೆ ಹೆಸರಿನ ತಗಡು ಇರಬೇಕಾದಲ್ಲಿ ನಾಲ್ಕು ರಿವೆಟ್ ತೂತು ಮಾತ್ರ ಇವೆ. ತಗಡನ್ನು ಯಾರೋ ಎಂದೋ ಕಿತ್ತಿದ್ದಾರೆ. ಜೊತೆಗೆ ಸಿಕ್ಕಿದ್ದು 6 ಇಂಚಿನ ಒಂದು ಫೇಸ್‌ಪ್ಲೇಟ್ (ಮರವನ್ನು ಸ್ಕ್ರೂ ಹಾಕಿ ಕೂರಿಸುವ ತಟ್ಟೆ), ಸವೆದ ಡೆಡ್ ಸೆಂಟರ್ (ತಿರುಗದ ಮೊನೆ) ಒಂದು, ಉಳಿಗೆ ಆನಿಕೆಯಾಗುವ ಟೂಲ್ ರೆಸ್ಟ್ ಒಂದು, ಮತ್ತೆ ಯಾವುದಕ್ಕೂ ಕೂರದ ಇನ್ನೊಂದು ಚಿಕ್ಕ ಪ್ಲೇಟು. ಅಷ್ಟೇ. ಚಕ್ ಇಲ್ಲ, ತಿರುಗುವ ಸೆಂಟರ್ ಇಲ್ಲ, ಮರ ಹಿಡಿಯುವ ಮುಳ್ಳಿನ ಸೆಂಟರೂ ಇಲ್ಲ.

ಮೋಟರ್ ರಿವೈಂಡಿಂಗ್ ನನ್ನ ಕಸುಬು, ಹಾಗಾಗಿ ಆ ಭಾಗ ಬೇಗ ಮುಗಿಯಿತು. ಅರ್ಧ ಎಚ್‌ಪಿ, 1440 ಆರ್‌ಪಿಎಂ ಮೋಟರ್ ಕೂರಿಸಿದೆ. ಎರಡು ಮೆಟ್ಟಿಲಿನ ಪುಲ್ಲಿ ಹಾಕಿದೆ. ಮೋಟರಿನ 3 ಇಂಚಿನಿಂದ ಸ್ಪಿಂಡಲ್ಲಿನ 6 ಇಂಚಿಗೆ ಬೆಲ್ಟ್ ಹಾಕಿದರೆ 720, ಸಮ ಪುಲ್ಲಿಗೆ ಹಾಕಿದರೆ 1440. ಬೇರಿಂಗ್ ತೊಳೆದು ಗ್ರೀಸ್ ಹಾಕಿದ ಮೇಲೆ ಸ್ಪಿಂಡಲ್ ಸದ್ದಿಲ್ಲದೆ ತಿರುಗಿತು. ಅಲ್ಲಿಂದ ಮುಂದೆ ನನಗೆ ಗೊತ್ತಿಲ್ಲದ ಕೆಲಸ.

ಯಾವ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಯಾವ ಕಂಪನಿ ಲೇತ್ ರೀ?" ಹೆಸರಿಲ್ಲ ಅಂದರೆ ಮಾತು ಮುಗಿಯಿತು. ನಾನೂ ಮೊದಮೊದಲು ಹೆಸರಿನ ಹಿಂದೆಯೇ ಬಿದ್ದಿದ್ದೆ. ಹಳೆ ಲೇತುಗಳ ಫೋಟೊ ನೋಡುತ್ತಾ ಎರಡು ಭಾನುವಾರ ಕಳೆದೆ. ಹೆಸರು ಸಿಕ್ಕಲಿಲ್ಲ. ಚಕ್ ಕಚ್ಚಿಕೊಂಡ ದಿನ ರಾತ್ರಿ ಆ ಹುಡುಕಾಟ ಬಿಟ್ಟೆ. ಚಕ್ಕಿಗೆ ಹೆಸರು ಬೇಕಾಗಿಲ್ಲ, ಅಳತೆ ಬೇಕು. ಸ್ಪಿಂಡಲ್ ಎಷ್ಟು ದಪ್ಪ, ಇಂಚಿಗೆ ಥ್ರೆಡ್ಡಿನ ಎಷ್ಟು ಸುತ್ತು, ಒಳಗೆ ಸೆಂಟರ್ ಕೂರುವ ಇಳಿಜಾರು ತೂತು, ಅಂದರೆ ಟೇಪರ್, ಯಾವುದು, ಟೂಲ್ ರೆಸ್ಟಿನ ಕಾಲು ಕೂರುವ ತೂತು ಎಷ್ಟು. ಈ ನಾಲ್ಕು ಸರಿಯಾಗಿ ಗೊತ್ತಾದರೆ ಉಳಿದದ್ದನ್ನು ಹುಡುಕಬಹುದು, ಹುಡುಕಿ ಸಿಗದಿದ್ದರೆ ಮಾಡಿಸಬಹುದು.

ಸುತ್ತು ಎಣಿಸುವ ಕೆಲಸ ಕಾಣುವಷ್ಟು ಸುಲಭ ಅಲ್ಲ. ಮೊದಲು ಹಳೆ ಟೂತ್‌ಬ್ರಷ್, ಸೀಮೆಎಣ್ಣೆ ಹಿಡಿದು ಥ್ರೆಡ್ಡಿನ ತಳದಲ್ಲಿದ್ದ ಕೊಳೆ ತೆಗೆದೆ. ಗಟ್ಟಿಯಾದ ಎಣ್ಣೆ ಮತ್ತು ಮರದ ಪುಡಿ ಸೇರಿ ಅರಗಿನ ಹಾಗೆ ಕೂತಿತ್ತು. ಆಮೇಲೆ ಒಂದು ಬಿಳಿ ಕಾಗದವನ್ನು ಥ್ರೆಡ್ಡಿನ ಮೇಲೆ ಇಟ್ಟು ಬೆರಳಲ್ಲಿ ಒತ್ತಿ, ಪೆನ್ಸಿಲ್ ಮೆಲ್ಲಗೆ ಉಜ್ಜಿದೆ. ಗೆರೆಗಳು ಸಾಲಾಗಿ ಮೂಡಿದವು. ಕಾಗದ ಬಿಚ್ಚಿ ಮೇಜಿನ ಮೇಲೆ ಇಟ್ಟು ಸ್ಕೇಲಿನಲ್ಲಿ ಒಂದು ಇಂಚು ಗುರುತು ಮಾಡಿ ಎಣಿಸಿದೆ. 12 ಸುತ್ತು. ಹೊಸ ಚಕ್ಕಿನ ಥ್ರೆಡ್ ಇಂಚಿಗೆ 8. ಅಂದರೆ ಅದರ ಒಂದೊಂದು ಸುತ್ತು 3.175 ಮಿ.ಮೀ. ಮುಂದೆ ಹೋಗುತ್ತದೆ, ನನ್ನದು 2.117 ಮಿ.ಮೀ. ಮಾತ್ರ. ಒಂದೇ ದಪ್ಪ ಇದ್ದೂ ಕಚ್ಚಿಕೊಂಡಿದ್ದು ಅದಕ್ಕೇ.

ಮಾರಿದವರ ವಿವರದಲ್ಲಿ ಬರೀ 1 ಇಂಚು ಅಂತ ಇತ್ತು, ಸುತ್ತಿನ ಲೆಕ್ಕ ಇರಲಿಲ್ಲ. ಕೇಳಿದ ಮೇಲೆ ವಾಪಸ್ ತೆಗೆದುಕೊಂಡರು, ಕೊರಿಯರ್ ಖರ್ಚು ನನ್ನ ಪಾಲಿಗೆ ಬಂತು. ಈಗ ನಾನು ಸುತ್ತಿನ ಸಂಖ್ಯೆ ಬರೆಯದ ಯಾವ ಚಕ್ಕಿಗೂ ದುಡ್ಡು ಕೊಡುವುದಿಲ್ಲ.

ಥ್ರೆಡ್ಡಿನ ಕೋನವನ್ನೂ ನೋಡಬೇಕು. ಹಳೆ ಇಂಗ್ಲಿಷ್ ಮಷಿನ್ನುಗಳಲ್ಲಿ ವಿಟ್‌ವರ್ತ್ ಥ್ರೆಡ್ ಇರುತ್ತದೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆ ಅದು, ಕೋನ 55 ಡಿಗ್ರಿ, ತುದಿ ಮತ್ತು ತಳ ಎರಡೂ ದುಂಡಗೆ. ಅಮೆರಿಕದ ಥ್ರೆಡ್ಡು, ಮಿಲಿಮೀಟರ್ ಥ್ರೆಡ್ಡು ಎರಡೂ 60 ಡಿಗ್ರಿ. ಪರಿಚಯದ ಟರ್ನರ್ ಒಬ್ಬರಿಂದ ಥ್ರೆಡ್ ಗೇಜ್, ಅಂದರೆ ಹಲ್ಲು ಕೊರೆದ ತಗಡಿನ ಎಲೆಗಳ ಕಟ್ಟು, ತಂದು ಬೆಳಕಿಗೆ ಹಿಡಿದು ನೋಡಿದೆ. 60ರ ಎಲೆ ಇಟ್ಟರೆ ಪಕ್ಕದಲ್ಲಿ ಬೆಳಕು ಕಂಡಿತು. 55ರ ಎಲೆ ಇಟ್ಟರೆ ಕತ್ತಲು. ಗೊಂದಲ ಆಗುವುದು ಇಲ್ಲೇ. ಸಾಮಾನ್ಯ 1 ಇಂಚು ವಿಟ್‌ವರ್ತ್ ಬೋಲ್ಟಿಗೆ 8 ಸುತ್ತು, ಇಂಗ್ಲಿಷರದೇ ಸಣ್ಣ ಗೆರೆಯ ಬಿಎಸ್ಎಫ್ ಅಂದರೆ 10, ಅಮೆರಿಕದ ಸಣ್ಣ ಗೆರೆಯ ಯುಎನ್ಎಫ್ ಅಂದರೆ 12 ಆದರೆ ಕೋನ 60. ಯುಎನ್ಎಫ್ ಚಕ್ ನನ್ನ ಸ್ಪಿಂಡಲ್ಲಿಗೆ ಹತ್ತಿದರೂ ಹತ್ತಬಹುದು, ಆದರೆ ಥ್ರೆಡ್ಡಿನ ಇಡೀ ಮೈ ಕೂರುವುದಿಲ್ಲ. ಮಿಲಿಮೀಟರಿನ ಎಂ25 ನೋಡಲು ತುಂಬಾ ಹತ್ತಿರ, ಆದರೂ ಬೇರೆಯೇ.

1 ಇಂಚು, 12 ಸುತ್ತು, ವಿಟ್‌ವರ್ತ್. ಈ ಮೂರು ಕೈಗೆ ಬಂದ ಮೇಲೆ ದಾರಿ ಕಾಣಿಸಿತು. ಇಂಗ್ಲೆಂಡಿನ ಮೈಫೋರ್ಡ್ ಕಂಪನಿಯ ಎಂಎಲ್8 ಅನ್ನುವ ಮರದ ಲೇತಿಗೂ ಇದೇ ಅಳತೆ. ನನ್ನದು ಮೈಫೋರ್ಡ್ ಅಲ್ಲ. ಎಂಎಲ್8ರ ಬೆಡ್ಡು ಕೊಳವೆ, ನನ್ನದು ಪಟ್ಟಿ. ಆದರೆ ಅದರ ಸ್ಪಿಂಡಲ್ಲಿಗೆ ಹತ್ತುವುದು ನನ್ನದಕ್ಕೂ ಹತ್ತುತ್ತದೆ.

ಇದನ್ನು ಚಿತ್ರದುರ್ಗದ ಗೆಳೆಯನಿಗೆ ಹೇಳಿದೆ. ಅವನ ಹತ್ತಿರ ಒಂದು ಹಳೆ ಮೈಫೋರ್ಡ್ ಫೇಸ್‌ಪ್ಲೇಟ್ ಇತ್ತು. ಬಸ್ಸಿನಲ್ಲಿ ಹಿಡಿದುಕೊಂಡೇ ಬಂದ. ಇಬ್ಬರೂ ಖುಷಿಯಲ್ಲಿ ಸ್ಪಿಂಡಲ್ಲಿಗೆ ಇಟ್ಟರೆ ಅದು ಥ್ರೆಡ್ಡಿಗೆ ಸಿಕ್ಕದೆ ಸರಕ್ಕನೆ ಒಳಗೆ ಜಾರಿತು. ಅಳೆದಾಗ ಗೊತ್ತಾಯಿತು, ಅದು ಎಂಎಲ್7ರದು. ಎಂಎಲ್7 ಲೋಹದ ಲೇತ್. ಅದರ ಸುತ್ತೂ ಇಂಚಿಗೆ 12, ಕೋನವೂ 55, ಆದರೆ ದಪ್ಪ 1 ಇಂಚು ಮತ್ತು ಎಂಟನೇ ಒಂದು ಭಾಗ. ಆ ಪ್ಲೇಟಿನ ಒಳ ಥ್ರೆಡ್ಡಿನ ತುದಿಗಳ ನಡುವೆಯೇ 25.8 ಮಿ.ಮೀ. ಇದೆ. ನನ್ನ 25.4 ಮಿ.ಮೀ. ಸ್ಪಿಂಡಲ್ ಅದರಲ್ಲಿ ಆರಾಮಾಗಿ ಓಡಾಡುತ್ತದೆ. ಒಂದೇ ಕಂಪನಿ, ಒಂದೇ ಸುತ್ತು, ಆದರೂ ಕೂರಲಿಲ್ಲ. ಹೆಸರು ನಂಬಿ ಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ. ಗೆಳೆಯ ಊಟ ಮಾಡಿ ಪ್ಲೇಟ್ ಚೀಲದಲ್ಲಿ ಹಾಕಿಕೊಂಡು ವಾಪಸ್ ಹೋದ.

ಒಳಗಿನ ಟೇಪರ್ ಮೋರ್ಸ್ ಅನ್ನುವ ನಂಬರಿನ ಅಳತೆಯದು ಅಂತ ಊಹೆ ಇತ್ತು. ಯಾವ ನಂಬರ್ ಅಂತ ಬಾಯಿಯ ಅಗಲದಿಂದಲೇ ಗೊತ್ತಾಗುತ್ತದೆ. 1ನೇ ನಂಬರಿಗೆ ಅಗಲದ ತುದಿ 12.065 ಮಿ.ಮೀ., 2ನೇ ನಂಬರಿಗೆ 17.78, 3ಕ್ಕೆ 23.825. ನನ್ನದು 12ರ ಹತ್ತಿರ ಬಂತು. ಹಳೆ ಡೆಡ್ ಸೆಂಟರಿನ ಮೈಮೇಲೆ ಉದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಒಳಗಿಟ್ಟು, ಸ್ವಲ್ಪ ತಿರುವಿ ತೆಗೆದೆ. ಟೇಪರ್ ಪೂರ್ತಿ ಕೂತಿದ್ದರೆ ಗೆರೆ ಉದ್ದಕ್ಕೂ ಅಳಿಸಬೇಕು. ಬೆಡ್ಡಿನ ಇನ್ನೊಂದು ತುದಿಯ ಟೇಲ್‌ಸ್ಟಾಕಿನಲ್ಲಿ ಹಾಗೇ ಆಯಿತು. ಹೆಡ್‌ಸ್ಟಾಕಿನಲ್ಲಿ ಬಾಯಿಯ ಹತ್ತಿರ ಮಾತ್ರ ಅಳಿಸಿತು. ಒಳಗೆ ಯಾವುದೋ ಸೆಂಟರ್ ತಿರುಗಿ ಗೀರಿದ ಗುರುತಿತ್ತು. ತೂತಿನ ಒಳಮೈ ಹೆರೆಯುವ 1ನೇ ನಂಬರಿನ ರೀಮರ್ ಬಾಡಿಗೆಗೆ ತಂದು, ಎಣ್ಣೆ ಹಾಕಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಉಬ್ಬಿದ್ದ ಲೋಹ ಹೋದರೆ ಸಾಕು. ಜಾಸ್ತಿ ಕೊರೆದರೆ ಸೆಂಟರ್ ಒಳಕ್ಕೆ ಮುಳುಗುತ್ತದೆ. ಎರಡನೇ ಸಲ ಗೆರೆ ಉದ್ದಕ್ಕೂ ಅಳಿಸಿತು.

ಆಮೇಲೆ ಮಂಡಿಪೇಟೆಯಲ್ಲಿ ತಿರುಗುವ ಸೆಂಟರ್ ಹುಡುಕಿದೆ. 2ನೇ ನಂಬರ್ ಕೇಳಿದ ಕಡೆಯೆಲ್ಲ ಇದೆ. 1ನೇ ನಂಬರ್ ಎಲ್ಲೂ ಇಲ್ಲ. ಒಬ್ಬರು ಸ್ಲೀವ್ ಕೊಡುತ್ತೇನೆ, ಹಾಕಿಕೊಳ್ಳಿ ಅಂದರು. ಇಲ್ಲಿ ನಿಧಾನಿಸಬೇಕು. ಸಾಮಾನ್ಯ ಸ್ಲೀವ್ ದೊಡ್ಡ ತೂತಿಗೆ ಚಿಕ್ಕ ಸೆಂಟರ್ ಕೂರಿಸಲು ಇರುವುದು. ನನ್ನ ತೂತೇ ಚಿಕ್ಕದು, ಸೆಂಟರ್ ದೊಡ್ಡದು. ಹೊರಗೆ 1, ಒಳಗೆ 2 ಇರುವ ಅಡಾಪ್ಟರೂ ಬರುತ್ತದೆ. ಆದರೆ ಅದು ಉದ್ದಕ್ಕೆ ಹೊರಗೆ ಚಾಚಿ ನಿಲ್ಲುತ್ತದೆ. 36 ಇಂಚಿನಲ್ಲಿ ಎರಡು ಮೂರು ಇಂಚು ಹೋದರೂ ಹೋಗಲಿ, ಚಾಚಿದಷ್ಟೂ ನಡುಕ ಜಾಸ್ತಿ. ಅದು ನನಗೆ ಬೇಡ. ಮುಂದಿನ ಸಲ ಬೆಂಗಳೂರಿಗೆ ಕಾಪರ್ ವೈರ್ ತರಲು ಹೋದಾಗ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ತಿರುಗಿದೆ. 1ನೇ ನಂಬರಿನ ತಿರುಗುವ ಸೆಂಟರ್ ಒಂದು, ನಾಲ್ಕು ಮುಳ್ಳಿನ ಸೆಂಟರ್ ಒಂದು ಸಿಕ್ಕಿತು. ಎರಡನ್ನೂ ಸೀಮೆಸುಣ್ಣದ ಗೆರೆಯಲ್ಲೇ ಪರೀಕ್ಷೆ ಮಾಡಿದೆ.

ಇನ್ನು ಚಕ್. ಎರಡು ದಾರಿ ಇದ್ದವು. 12 ಸುತ್ತಿನ ಸ್ಪಿಂಡಲ್ಲಿಗೆ ಹತ್ತಿ, ಹೊರಗೆ 8 ಸುತ್ತು ಕೊಡುವ ಅಡಾಪ್ಟರ್ ಒಂದು ದಾರಿ. ಅದು ಚಕ್ಕನ್ನು ಬೇರಿಂಗಿನಿಂದ ಇನ್ನೂ ದೂರಕ್ಕೆ ತಳ್ಳುತ್ತದೆ. ಅಡಾಪ್ಟರಿನಲ್ಲಿ ಕೂದಲೆಳೆಯಷ್ಟು ಓರೆ ಇದ್ದರೂ ಬಟ್ಟಲಿನ ಅಂಚಿಗೆ ಬರುವಾಗ ಕಣ್ಣಿಗೆ ಕಾಣುವಷ್ಟು ಆಗುತ್ತದೆ. ಇನ್ನೊಂದು ದಾರಿ, ಹಿಂದೆ ಬಿಚ್ಚಿ ಬದಲಿಸುವ ಥ್ರೆಡ್ ತುಂಡು, ಅಂದರೆ ಇನ್ಸರ್ಟ್ ಇರುವ ಚಕ್ ತರಿಸಿ, ಆ ಇನ್ಸರ್ಟಿನಲ್ಲೇ ನನ್ನ ಥ್ರೆಡ್ ಕೊರೆಸುವುದು. ಇದನ್ನೇ ಹಿಡಿದೆ. ಇನ್ಸರ್ಟ್ ಆರಿಸುವಾಗ ಒಂದು ವಿಷಯ ಗಮನಿಸಿ: ಒಳ ತೂತು ಚಿಕ್ಕದಿರಬೇಕು. ನಾನು ಮುಕ್ಕಾಲು ಇಂಚು, 16 ಸುತ್ತಿನದನ್ನು ಬೇಕಂತಲೇ ತರಿಸಿದೆ. ಆ ಥ್ರೆಡ್ಡನ್ನು ಪೂರ್ತಿ ಕೊರೆದು ತೆಗೆದ ಮೇಲೂ 1 ಇಂಚಿನ ಥ್ರೆಡ್ಡಿಗೆ ಲೋಹ ಉಳಿಯುತ್ತದೆ. 1 ಇಂಚು, 8 ಸುತ್ತಿನ ಇನ್ಸರ್ಟ್ ತರಿಸಿದ್ದರೆ ಕೊರೆಯಲು ಏನೂ ಉಳಿಯುತ್ತಿರಲಿಲ್ಲ.

ಕೊರೆಯಲು ಹರಿಹರಕ್ಕೆ ಹೋದೆ. ಲೇತ್ ಅಂದ ಮೇಲೆ ನಮ್ಮ ಕಡೆಯವರಿಗೆ ಹರಿಹರವೇ ನೆನಪಾಗುವುದು, ಅಲ್ವಾ? 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾದ ಲೇತುಗಳು ದೇಶದ ತುಂಬ ಹೋದವು. ಕಾರ್ಖಾನೆ ಈಗ ಇಲ್ಲ. ಆದರೆ ಅಲ್ಲಿ ಕೈ ಪಳಗಿಸಿಕೊಂಡವರು ಇದ್ದಾರೆ. ಒಬ್ಬ ಹಿರಿಯ ಟರ್ನರ್ ಮನೆ ಪಕ್ಕದ ಶೆಡ್ಡಿನಲ್ಲಿ ಇಂದಿಗೂ ಕೆಲಸ ಮಾಡುತ್ತಾರೆ. ನಾನು ಲೇತಿನ ಜೊತೆ ಬಂದ ಫೇಸ್‌ಪ್ಲೇಟು, ಹೊಸ ಚಕ್ಕು, ಮತ್ತೆ ಆ ಯಾವುದಕ್ಕೂ ಕೂರದ ಚಿಕ್ಕ ಪ್ಲೇಟನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ.

ಯಜಮಾನರು ಮೊದಲು ಎತ್ತಿಕೊಂಡಿದ್ದು ಚಿಕ್ಕ ಪ್ಲೇಟನ್ನು. ಬೆರಳಲ್ಲಿ ಒಳಗೆ ಸವರಿ ನೋಡಿದರು.

"ಇದನ್ನ ಎಲ್ಲಿ ಹಾಕಿ ನೋಡಿದ್ರಿ?"

"ಸ್ಪಿಂಡಲ್ಲಿಗೇ ರೀ. ಹತ್ತಲಿಲ್ಲ."

"ಹತ್ತಂಗಿಲ್ಲ. ಇದು ಎಡ ಥ್ರೆಡ್ಡು. ನಿಮ್ಮ ಸ್ಪಿಂಡಲ್ಲಿನ ಹಿಂದಿನ ತುದಿ ನೋಡಿರೇನು?"

ನೋಡಿರಲಿಲ್ಲ. ಹಿಂದಿನ ತುದಿಗೆ ಒಂದು ಕೈಚಕ್ರ ಇತ್ತು, ಅದನ್ನು ಬಿಚ್ಚಿಯೇ ಇರಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಅಲ್ಲೂ 1 ಇಂಚು, 12 ಸುತ್ತು, ಆದರೆ ಎಡಕ್ಕೆ. ಬೆಡ್ಡಿನ ಮೇಲೆ ತಿರುಗದಷ್ಟು ದೊಡ್ಡ ತಟ್ಟೆಗಳನ್ನು ಹೆಡ್‌ಸ್ಟಾಕಿನ ಹಿಂದೆ ಕಡೆಯಲು ಇಟ್ಟ ಏರ್ಪಾಡು ಅದು. ಎಂಎಲ್8ರಲ್ಲೂ ಹೀಗೇ ಇದೆ. ಹಿಂದೆ ನಿಂತು ನೋಡಿದರೆ ಸ್ಪಿಂಡಲ್ ಉಲ್ಟಾ ತಿರುಗುತ್ತದೆ. ಬಲ ಥ್ರೆಡ್ ಆಗಿದ್ದರೆ ಉಳಿ ತಾಗಿದ ಕೂಡಲೇ ಪ್ಲೇಟ್ ಬಿಚ್ಚಿಕೊಳ್ಳುತ್ತಿತ್ತು. ಚಿಕ್ಕ ಪ್ಲೇಟು ಬೆರಳ ತುದಿಯಲ್ಲಿ ಮೆತ್ತಗೆ ತಿರುಗಿ ಒಳಗೆ ಹೋಗಿ ಕೂತಿತು. ಎರಡು ತಿಂಗಳು ಮೂಲೆಯಲ್ಲಿದ್ದ ಪ್ಲೇಟು. ಆ ರಾತ್ರಿ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಶೆಡ್ಡಿನ ಕೆಲಸಕ್ಕೆ ಬರುತ್ತೇನೆ. ಸ್ಪಿಂಡಲ್ಲನ್ನು ಹರಿಹರಕ್ಕೆ ಒಯ್ಯಲು ಆಗುವುದಿಲ್ಲವಲ್ಲ, ಅದರ ಬದಲು ಫೇಸ್‌ಪ್ಲೇಟ್ ಒಯ್ದಿದ್ದೆ. ಯಜಮಾನರು ಮೊದಲು ಒಂದು ಉಕ್ಕಿನ ತುಂಡಿನ ಮೇಲೆ ಹೊರ ಥ್ರೆಡ್ ಕೊರೆದರು. ಅವರ ಹಳೆ ಲೇತಿನಲ್ಲಿ ಉಳಿಯನ್ನು ಮುಂದೆ ಎಳೆಯುವ ಲೀಡ್ ಸ್ಕ್ರೂ ಇಂಚಿಗೆ 4 ಸುತ್ತಿನದು. 12 ಅನ್ನುವುದು 4ರ ಮೂರು ಪಟ್ಟು, ಆದ್ದರಿಂದ ಆ ಸ್ಕ್ರೂವನ್ನು ಹಿಡಿಯುವ ಹಾಫ್ ನಟ್ ಎಲ್ಲಿ ಕೂತರೂ ಉಳಿ ಅದೇ ಗೆರೆಗೆ ಬರುತ್ತದೆ. ಗೇರ್ ಬದಲಿಸಿ, 55 ಡಿಗ್ರಿಗೆ ಸಾಣೆ ಹಿಡಿದ ಉಳಿ ಕಟ್ಟಿ, ಸ್ವಲ್ಪ ಸ್ವಲ್ಪವೇ ಇಳಿಸಿದರು. ಥ್ರೆಡ್ಡಿನ ಆಳ 1.355 ಮಿ.ಮೀ. ಕೊನೆಯ ಎರಡು ಕಟ್‌ಗೆ ಪ್ರತಿ ಸಲವೂ ನನ್ನ ಫೇಸ್‌ಪ್ಲೇಟ್ ಹಾಕಿ ನೋಡಿದರು. ಅದು ಅಲುಗದೆ, ಬಿಗಿಯಿಲ್ಲದೆ ಹೋದಾಗ ನಿಲ್ಲಿಸಿದರು. ಈಗ ಆ ತುಂಡೇ ನನ್ನ ಸ್ಪಿಂಡಲ್ಲಿನ ನಕಲು.

ಆಮೇಲೆ ಇನ್ಸರ್ಟನ್ನು ಚಕ್ಕಿನೊಳಗೇ ಬಿಗಿದು, ಚಕ್ಕಿನ ಮೈಯನ್ನು ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು, ಓರೆ ಅಳೆಯುವ ಡಯಲ್ ಗೇಜ್ ಇಟ್ಟು ನಡುವಿಗೆ ತಂದರು. ಹೊರಗಡೆ ಇನ್ಸರ್ಟ್ ಒಂದನ್ನೇ ಹಿಡಿದು ಕೊರೆದಿದ್ದರೆ ಚಕ್ಕಿಗೆ ಹಾಕಿದಾಗ ಓರೆ ಬರುವ ಭಯ ಇತ್ತು. ತೂತನ್ನು 22.7 ಮಿ.ಮೀ.ಗೆ ಅಗಲ ಮಾಡಿದರು, ಥ್ರೆಡ್ ಕೊರೆದರು, ಮುಖವನ್ನು ಸಮ ಮಾಡಿದರು. ಮೂರೂ ಒಂದೇ ಹಿಡಿತದಲ್ಲಿ, ನಡುವೆ ಬಿಚ್ಚದೆ. ನಕಲು ತುಂಡು ಕೈಯಲ್ಲಿ ಸರಾಗವಾಗಿ ಹೋಯಿತು.

ಮನೆಗೆ ಬಂದು ಹಾಕಿದರೆ ಚಕ್ ಚೆನ್ನಾಗಿ ತಿರುಗಿ, ಸ್ಪಿಂಡಲ್ಲಿನ ಭುಜಕ್ಕೆ, ಅಂದರೆ ಥ್ರೆಡ್ ಮುಗಿದಲ್ಲಿ ಇರುವ ಚಪ್ಪಟೆ ಮೆಟ್ಟಿಲಿಗೆ, ಇನ್ನೂ 2 ಮಿ.ಮೀ. ಇರುವಾಗ ನಿಂತಿತು. ಸ್ಪಿಂಡಲ್ಲಿನಲ್ಲಿ ಭುಜದ ಹತ್ತಿರ ಥ್ರೆಡ್ ಇಲ್ಲದ ಒಂದು ನುಣುಪು ಪಟ್ಟಿ ಇದೆ. ಅದನ್ನು ನಾನು ಅಳೆದು ಹೇಳಿರಲಿಲ್ಲ. ಫೇಸ್‌ಪ್ಲೇಟಿನಲ್ಲಿ ಅದಕ್ಕೆ ಬಾಯಿ ಅಗಲ ಮಾಡಿದ್ದಾರೆ, ಇನ್ಸರ್ಟಿನಲ್ಲಿ ಮಾಡಿರಲಿಲ್ಲ. ಇಷ್ಟು ಹೋಗಿದೆಯಲ್ಲ, ಸಾಕು ಅಂದರು ನೋಡಲು ಬಂದವರು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಅಂತಲೂ ಒಬ್ಬರು ಹೇಳಿದರು. ಎರಡೂ ತಪ್ಪು. ಚಕ್ಕನ್ನು ನೇರ ನಿಲ್ಲಿಸುವುದು ಥ್ರೆಡ್ ಅಲ್ಲ, ಭುಜ. ಥ್ರೆಡ್ ಎಳೆದು ಹಿಡಿಯುತ್ತದೆ, ಭುಜ ದಿಕ್ಕು ಕೊಡುತ್ತದೆ. ಭುಜಕ್ಕೆ ಕೂರದ ಚಕ್ಕಿನಲ್ಲಿ ಮೂರು ಕಿಲೋ ಮರ ಕಟ್ಟಿ ತಿರುಗಿಸಿದರೆ ಅದು ಎದುರಿಗೆ ನಿಂತವನ ಮುಖದ ಕಡೆ ಬರುತ್ತದೆ. ಮರುದಿನ ಮತ್ತೆ ಹರಿಹರ. ಬಾಯಿಯನ್ನು 26 ಮಿ.ಮೀ. ಅಗಲಕ್ಕೆ, 5 ಮಿ.ಮೀ. ಆಳಕ್ಕೆ ಕೊರೆಸಿದೆ. ಹತ್ತು ನಿಮಿಷದ ಕೆಲಸ.

ಈ ಸಲ ಭುಜದ ಸುತ್ತ ನಾಲ್ಕು ಕಡೆ ತೆಳು ಕಾಗದದ ಚೂರು ಇಟ್ಟು ಚಕ್ ಬಿಗಿದೆ. ನಾಲ್ಕನ್ನೂ ಎಳೆದೆ. ಒಂದೂ ಬರಲಿಲ್ಲ, ಹರಿದವು. ಡಯಲ್ ಗೇಜ್ ಇಟ್ಟು ಚಕ್ ಮೈಯನ್ನು ಕೈಯಲ್ಲಿ ತಿರುಗಿಸಿದರೆ ಮುಳ್ಳು 0.04 ಮಿ.ಮೀ. ಅಲುಗಿತು. ಮರದ ಕೆಲಸಕ್ಕೆ ಇದು ಧಾರಾಳ.

ಟೂಲ್ ರೆಸ್ಟಿನ ಕತೆ ಚಿಕ್ಕದು. ಕಾಲು ಕೂರುವ ತೂತು 22.2 ಮಿ.ಮೀ., ಅಂದರೆ 8ರಲ್ಲಿ 7 ಭಾಗ ಇಂಚು. ನನಗೆ ಅಂಗಡಿಯಲ್ಲಿ ಸಿಕ್ಕ ರೆಸ್ಟುಗಳ ಕಾಲು 25 ಮಿ.ಮೀ. ಅಥವಾ 1 ಇಂಚು. ದಪ್ಪ ಕಾಲನ್ನು ಲೇತಿಗೆ ಕಟ್ಟಿ ಸಣ್ಣ ಮಾಡಬಹುದು, ಸಣ್ಣದನ್ನು ದಪ್ಪ ಮಾಡಲು ಬುಷ್ ಬೇಕು. ಹಾಗಾಗಿ 25 ಮಿ.ಮೀ.ದೇ ತಂದು ಸಣ್ಣ ಮಾಡಿಸಿದೆ. ಹಳೆ ರೆಸ್ಟಿನ ಅಂಚಲ್ಲಿ ಗಾಯಗಳಿದ್ದವು, ಅರ ಹಾಕಿ ನುಣುಪು ಮಾಡಿ ಅದನ್ನೂ ಇಟ್ಟುಕೊಂಡಿದ್ದೇನೆ. ಉಳಿಗಳ ವಿಷಯದಲ್ಲಿ ಒಂದೇ ಮಾತು. ಹಳೆ ಅರದಿಂದ ಮಾಡಿದ ಉಳಿಯನ್ನು ಲೇತಿನ ಮುಂದೆ ಹಿಡಿಯಬೇಡಿ. ಅರದ ಉಕ್ಕು ಗಡಸು ಜಾಸ್ತಿ, ಪೆಟ್ಟು ಬಿದ್ದರೆ ಗಾಜಿನ ಹಾಗೆ ಸಿಡಿಯುತ್ತದೆ.

ಮಳೆಗೆ ನಿಟುವಳ್ಳಿಯಲ್ಲಿ ಬಿದ್ದ ಬೇವಿನ ಕೊಂಬೆಯಿಂದ 9 ಇಂಚಿನ ತುಂಡು ತೆಗೆದಿಟ್ಟಿದ್ದೆ. ಬಟ್ಟಲು ಕಡೆಯುವವರು ಇಂಚಿನ ಅಗಲವನ್ನು ಆರ್‌ಪಿಎಂನಿಂದ ಗುಣಿಸಿ, ಬಂದದ್ದು 6000 ಮತ್ತು 9000ದ ನಡುವೆ ಇರಲಿ ಅನ್ನುತ್ತಾರೆ. 9 ಗುಣಿಸು 720 ಅಂದರೆ 6480. ತುಂಡು ಇನ್ನೂ ದುಂಡಗಾಗದೆ ಇದ್ದದ್ದರಿಂದ ಟೇಲ್‌ಸ್ಟಾಕನ್ನು ಒತ್ತಿಕೊಂಡೇ ಶುರು ಮಾಡಿದೆ. ಮೂಗಿಗೆ ಮಾಸ್ಕ್ ಕಟ್ಟಿದ್ದರೂ ಬೇವಿನ ಪುಡಿಯ ಕಹಿ ಗಂಟಲಿಗೆ ಬಂತು. ಮೊದಲು ತಟ್ ತಟ್ ಅನ್ನುತ್ತಿದ್ದ ಸದ್ದು ನಿಧಾನಕ್ಕೆ ಒಂದೇ ಸಮನೆ ಸುಯ್ ಅನ್ನತೊಡಗಿತು. ಸಂಜೆಗೆ ಬಟ್ಟಲು ಸಿದ್ಧವಾಯಿತು. ಅದನ್ನು ಹರಿಹರಕ್ಕೆ ಒಯ್ದು ಯಜಮಾನರಿಗೆ ಕೊಟ್ಟೆ.

ನಕಲು ತುಂಡು ಲೇತಿನ ಮೇಲಿನ ಮೊಳೆಗೆ ನೇತಾಡುತ್ತಿದೆ. ಹೆಡ್‌ಸ್ಟಾಕಿನ ನಾಲ್ಕು ಖಾಲಿ ತೂತಿಗೆ ಒಂದು ಹಿತ್ತಾಳೆ ತಗಡು ಕೂರಿಸಿದೆ. ಹೀಗೆ ಕೊರೆಸಿದ್ದೇನೆ: ಮುಂದೆ 1 ಇಂಚು, 12 ಸುತ್ತು, 55 ಡಿಗ್ರಿ, ಬಲ. ಹಿಂದೆ ಅದೇ, ಎಡ. ಟೇಪರ್ ಮೋರ್ಸ್ 1. ರೆಸ್ಟ್ 22.2. ಭುಜದ ಬಾಯಿ 26, ಆಳ 5.